ಭಾವ ಹೊಯ್ಯದ ಕಷಾಯ

ಕನ್ನಡಕಕ್ಕೆ ಆವಿ ಹಿಡಿದರೆ ಭಾವ ಅದನ್ನು ತೆಗೆದು ಒರೆಸುತ್ತಿರಲಿಲ್ಲ. ಕುದಿಯುವ ಪಾತ್ರೆಯ ಮುಂದೆ, ಬೆಳ್ಳಗಾದ ಎರಡು ಗಾಜುಗಳ ಹಿಂದೆ ಏನೂ ಕಾಣದೆ ನಿಂತು, ತಾನಾಗಿ ತಿಳಿಯಾಗುವವರೆಗೆ ಕಾಯುತ್ತಿದ್ದರು. ಅವರು ನನ್ನ ಅಕ್ಕನ ಗಂಡ, ಉಡುಪಿ ಕಡೆಯವರು. ಸ್ಯಾನ್ ಹೊಸೆಯಲ್ಲಿ ಹಣ್ಣುಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಯೊಂದರಲ್ಲಿ ದಿನವಿಡೀ ನಿಂತು ಡಬ್ಬಿಗಳನ್ನು ಪರೀಕ್ಷಿಸುವ ಕೆಲಸ ಅವರದು. ಎಂಬತ್ತರ ದಶಕದ ಆರಂಭದಲ್ಲಿ ಎಂ.ಎಸ್. ಓದಲು ಬಂದ ನಾನು ಅವರ ಮನೆಯಲ್ಲೇ ಇದ್ದೆ.

ತಿಂಗಳಿಗೊಂದು ಶನಿವಾರ ಭಾವ ಗರಾಜಿನಲ್ಲಿ ಬಿಯರು ಮಾಡುತ್ತಿದ್ದರು. ಮೊಳಕೆ ಬಾರ್ಲಿಯ ಮಾಲ್ಟನ್ನೂ ಕಹಿಗೆಂದು ಹಾಪ್ಸ್ ಹೂವನ್ನೂ ಒಂದು ಗಂಟೆ ಕುದಿಸಿ, ಆ ಕಷಾಯವನ್ನು ಪಾತ್ರೆ ಸಮೇತ ಐಸು ತುಂಬಿದ ಸಿಂಕಿನಲ್ಲಿ ಇಳಿಸಿಡುವುದು. ಪೂರ್ತಿ ತಣಿದ ಮೇಲೆ ದೊಡ್ಡ ಗಾಜಿನ ಜಾಡಿಗೆ ಹೊಯ್ದು ಹುದುಗಲು ಯೀಸ್ಟ್ ಹಾಕುವುದು. ಮಾಡಿದ್ದರಲ್ಲಿ ಮುಕ್ಕಾಲು ಪಾಲು ಕಾರ್ಖಾನೆಯ ಗೆಳೆಯರಿಗೆ ಹೋಗುತ್ತಿತ್ತು. ಭಾವ ತಾವು ಕುಡಿಯುತ್ತಿದ್ದದ್ದು ಭಾನುವಾರ ಊಟದ ಜೊತೆ ಒಂದೇ ಗ್ಲಾಸು. ಪಾತ್ರೆಯ ಹೊರಮೈಗೆ ಅಂಗೈ ಇಟ್ಟು, "ಇನ್ನೂ ಇಲ್ಲ ಮಾರಾಯ," ಎನ್ನುತ್ತಿದ್ದರು. "ನಿಧಾನ ತಣಿದರೆ ಹಾಳಾಗ್ತದೆ. ಹಾಗಂತ ಬಿಸಿ ಇರುವಾಗ ಹೊಯ್ದರೆ ಗಾಜು ಒಡೀತದೆ. ಐಸು ಹಾಕಿ ಸುಮ್ಮನೆ ನಿಲ್ಲುದು, ಅಷ್ಟೆ."

ಸುಮ್ಮನೆ ನಿಲ್ಲುವುದು ನನಗೆ ಬರುತ್ತಿರಲಿಲ್ಲ. ಎರಡು ವಿಷಯಗಳಲ್ಲಿ ಫೇಲಾಗಿದ್ದೆ. ಇನ್ನೊಮ್ಮೆ ಹೀಗಾದರೆ ಊರಿಗೆ ಕಳಿಸಿಬಿಡುತ್ತೇನೆಂದು ಅಕ್ಕ ಖಡಾಖಂಡಿತವಾಗಿ ಹೇಳಿದ್ದಳು.

ಒಂದು ಶನಿವಾರ ಮಧ್ಯಾಹ್ನ ಐಸು ಸಾಲಲಿಲ್ಲ. "ತರ್ತೇನೆ, ನೀನು ಮುಟ್ಟಬೇಡ," ಎಂದು ಭಾವ ಅಂಗಡಿಗೆ ಹೋದರು. ಅಕ್ಕ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು. ನನಗೆ ಹತ್ತಿರದ ನೆವಾರ್ಕಿನಲ್ಲಿ ಗೆಳೆಯರ ಜೊತೆ ಕ್ರಿಕೆಟ್ ಇತ್ತು; ಜಾಡಿಗೆ ಹೊಯ್ಯಲು ಭಾವನಿಗೆ ಕೈಕೊಟ್ಟೇ ಹೊರಡಬೇಕಿತ್ತು, ತಡವಾಗುತ್ತಿತ್ತು. ಪಾತ್ರೆಯ ಹಿಡಿಯನ್ನು ಬಟ್ಟೆಯಿಲ್ಲದೆ ಮುಟ್ಟಲಾಗಲಿಲ್ಲ. ಆದರೂ ಎತ್ತಿ ಜಾಡಿಗೆ ಹೊಯ್ಯತೊಡಗಿದೆ.

ಜಾಡಿ ಅರ್ಧ ತುಂಬಿದಾಗ ಭಾವ ಒಳಗೆ ಬಂದರು. ಅದರ ಬಾಯಿಂದ ಏಳುತ್ತಿದ್ದ ಆವಿ ನೋಡಿ ಐಸಿನ ಚೀಲ ಬಿಟ್ಟು ಓಡಿಬಂದು ನನ್ನ ಭುಜ ಹಿಡಿದು ಆಚೆ ತಳ್ಳಿದರು. ಅಷ್ಟರಲ್ಲೇ ಜಾಡಿಯ ತಳ ಕಳಚಿತು. ನನ್ನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಬಿಸಿ ಕಷಾಯವೆಲ್ಲ ಅವರ ಪಾದಗಳ ಮೇಲೆ ಸುರಿಯಿತು; ಕಾಲಲ್ಲಿದ್ದದ್ದು ರಬ್ಬರ್ ಚಪ್ಪಲಿ. "ನೀರಿನ ಪೈಪು ತಾ," ಎಂದರು.

ಆಸ್ಪತ್ರೆಗೆ ನಾನೇ ಕಾರು ಓಡಿಸಿದೆ. ಹಲ್ಲು ಕಚ್ಚಿಕೊಂಡೇ ಭಾವ ಹೇಳಿದರು: "ನಾನೇ ಹೊಯ್ದದ್ದು ಅಂತ ಹೇಳುವಾ. ಇದು ಗೊತ್ತಾದರೆ ನಿನ್ನ ಅಕ್ಕ ಊರಿಗೆ ಕಳಿಸ್ತಾಳೆ. ನಿನ್ನ ಪರೀಕ್ಷೆ ಮುಗೀಲಿ. ಆಮೇಲೆ ಅವಳಿಗೆ ನೀನೇ ಹೇಳು."

ಅಕ್ಕ ಆಸ್ಪತ್ರೆಗೆ ಬಂದಳು, ಕಾಲಿನ ಬ್ಯಾಂಡೇಜು ನೋಡಿದಳು. ಗಂಡ ತಣಿಯದ್ದನ್ನು ಗಾಜಿಗೆ ಹೊಯ್ಯುವವರಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕೇಳಿದಳು: "ಕುಡಿದಿದ್ದಿರಾ?"

ಭಾವ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಹೊಯ್ದದ್ದು ನಾನೇ," ಎಂದಷ್ಟೇ ಅವರು ಅಕ್ಕನಿಗೆ ಹೇಳಿದರು.

ಅಕ್ಕ ಬಿಯರಿನ ಸಾಮಾನೆಲ್ಲ ಎಸೆದಳು, ಗರಾಜು ಖಾಲಿಯಾಯಿತು. ಕನ್ನಡದವರು ಸೇರುವ ಕಡೆಯಲ್ಲೆಲ್ಲ ಭಾವ ಕುಡಿದು ಕಾಲು ಸುಟ್ಟುಕೊಂಡರೆಂಬ ಸುದ್ದಿ ಹಬ್ಬಿ, ಮಕ್ಕಳನ್ನು ಅವರ ಕಾರಿನಲ್ಲಿ ಕಳಿಸುವುದನ್ನು ಜನ ನಿಲ್ಲಿಸಿದರು. ಹೆಚ್ಚು ಹೊತ್ತು ನಿಲ್ಲಲಾಗದೆ ಕಾರ್ಖಾನೆಯ ಕೆಲಸವೂ ಹೋಯಿತು. ಒಮ್ಮೆ ಅವರ ಏಳು ವರ್ಷದ ಮಗಳು ನನ್ನ ಹತ್ತಿರ ಬಂದು, "ಮಾಮ, ವಾಸ್ ಡ್ಯಾಡ್ ಡ್ರಂಕ್?" ಎಂದು ಕೇಳಿದಳು. "ಆಟ ಆಡು ಹೋಗು," ಎಂದೆ.

ಪರೀಕ್ಷೆ ಪಾಸಾಯಿತು. ಕೆಲಸ ಸಿಕ್ಕಿತು, ಬೇರೆ ಅಪಾರ್ಟ್‌ಮೆಂಟು ಹಿಡಿದೆ. ಅವರ ಮನೆಗೆ ಹೋದಾಗಲೆಲ್ಲ, ಅಕ್ಕ ಕಾಫಿ ಮಾಡಲು ಒಳಗೆ ಹೋದೊಡನೆ ಭಾವ ನನ್ನ ಮುಖ ನೋಡುತ್ತಿದ್ದರು. ಇವತ್ತು ಬೇಡ, ಅವಳ ಮನಸ್ಸು ಸರಿಯಿಲ್ಲ, ಮುಂದಿನ ವಾರ ಎಂದು ನಾನು ಒಳಗೊಳಗೇ ನೆಪ ಹುಡುಕುತ್ತಿದ್ದೆ. ಕೆಲವು ವರ್ಷಗಳ ನಂತರ ಅವರು ನೋಡುವುದನ್ನು ಬಿಟ್ಟರು. ಹವಾಮಾನ, ಫ್ರೀವೇ ಟ್ರಾಫಿಕ್ಕು, ಊರಿನ ಸುದ್ದಿ ಮಾತಾಡುತ್ತಿದ್ದರು. ನನಗೆ ನಿರಾಳವೆನಿಸಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ದಶಕ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಎದೆನೋವು ಬಂದು ಭಾವ ತೀರಿಕೊಂಡರು. ಹದಿಮೂರನೆಯ ದಿನದ ಕಾರ್ಯ ಮುಗಿದು ಜನ ಹೋದ ಮೇಲೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ ಹೇಳಿದಳು:

"ಅವರು ಇರುವಾಗ ಹೇಳಲಿಕ್ಕೆ ನಿಂಗೆ ಎಂತ ಆಗಿತ್ತು?"

"ಮುಂದಿನ ವಾರ ಹೇಳುವಾ ಅಂತ..." ಎಂದು ನಾನು ಶುರುಮಾಡಿದೆ.

"ಇಷ್ಟು ವರ್ಷ ನಾನು ಅವರಿಗೆ ಏನೆಲ್ಲ ಹೇಳಿದ್ದೇನೆ," ಎಂದು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ಮುಚ್ಚಿಡುವ ಸದ್ದು ಕೇಳಿಸಿತು. ಅಲ್ಲಿಂದಲೇ, ದನಿ ಏರಿಸದೆ ಹೇಳಿದಳು:

"ಊಟಕ್ಕೆ ನಿಲ್ಲಬೇಡ."