ಕಾರಿನ ಗಾಜು ತಟ್ಟಿದವರು ಯಾರು?

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ, ಅರ್ಧಕ್ಕೇ ತಡೆದು ಕಾರಣ ವಿವರಿಸಿ ಕೂರಿಸುತ್ತಿದ್ದವನು ನಾನು. ನೆರಳು ಕಂಡಿತೆಂದರೆ ಕಣ್ಣಿನ ದೋಷ, ದನಿ ಕೇಳಿಸಿತೆಂದರೆ ಪಕ್ಕದ ಮನೆಯ ಟಿವಿ. ಎಷ್ಟೋ ಜನರ ಮುಖ ಇದರಿಂದ ಸಣ್ಣಗಾದದ್ದನ್ನು ನೋಡಿಯೂ ನನಗೇನೂ ಅನ್ನಿಸುತ್ತಿರಲಿಲ್ಲ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಇದರಲ್ಲಿ ವಿಚಿತ್ರಕ್ಕಿಂತ ನನ್ನ ನಾಚಿಕೆಗೇಡಿನ ಭಾಗವೇ ದೊಡ್ಡದು, ಅದನ್ನಾದರೂ ನಂಬಿ.

ನನ್ನ ಕೆಲಸದ ವಿಷಯ ಮೊದಲು ಹೇಳಬೇಕು. ಚೆನ್ನೈನ ಪೆರುಂಗುಡಿಯಲ್ಲಿ ನನ್ನ ಕಚೇರಿ. ಕಾರುಗಳಲ್ಲಿ ಬಳಸುವ ಸಾಫ್ಟ್‌ವೇರನ್ನು ಪರೀಕ್ಷೆ ಮಾಡುವುದು ನಮ್ಮ ವಿಭಾಗದ ಕೆಲಸ. ಅದರಲ್ಲೂ ಬಾಗಿಲು, ಬೀಗ, ಕಿಟಕಿಗಳು ನನ್ನ ಪಾಲಿಗೆ ಬಂದಿದ್ದವು. ಮದುವೆ ಮುಂಜಿಗಳಲ್ಲಿ ಎಲೆ ಮುಂದೆ ಕೂತಾಗ ಯಾರಾದರೂ ಹಿರಿಯರು, "ಈಗಿನ ಕಾರು ಕಾರೇ ಅಲ್ಲಪ್ಪ, ಎಲ್ಲಾ ಕಂಪ್ಯೂಟರು. ಒಂದು ವೈರು ಕೆಟ್ರೆ ಗಾಜು ಇಳಿಸೋಕೂ ಆಗಲ್ಲ" ಎಂದರೆ ನನಗೆ ಮೈ ಉರಿಯುತ್ತಿತ್ತು. ಮನುಷ್ಯ ಮರೆಯುತ್ತಾನೆ, ನಿದ್ದೆ ಹೋಗುತ್ತಾನೆ, ಗಾಬರಿಯಾಗುತ್ತಾನೆ, ಯಂತ್ರಕ್ಕೆ ಇದ್ಯಾವುದೂ ಇಲ್ಲ ಎಂದು ಪಾಯಸ ಬರುವವರೆಗೂ ವಾದಿಸುತ್ತಿದ್ದೆ. ಕಾರು ತಾನಾಗಿ ಬೀಗ ಹಾಕಿಕೊಂಡಿತು ಎಂದು ಯಾರಾದರೂ ಹೇಳಿದರೆ, "ತಾನಾಗಿ ಅಂತ ಯಾವುದೂ ಇಲ್ಲ, ನೀವೇ ಏನೋ ಒತ್ತಿರ್ತೀರಿ" ಎನ್ನುವುದು ನನ್ನ ಸಿದ್ಧ ಉತ್ತರವಾಗಿತ್ತು.

ನಾವಿರುವುದು ಕಚೇರಿಯಿಂದ ಇನ್ನಷ್ಟು ಮುಂದೆ, ಶೋಳಿಂಗನಲ್ಲೂರಿನಲ್ಲಿ. ನಾನು, ನನ್ನ ಹೆಂಡತಿ ಶೈಲಾ, ಮಗಳು, ಮತ್ತು ಶೈಲಾಳ ತಾಯಿ. ಅತ್ತೆಯವರದು ಉಡುಪಿ ಕಡೆ. ಮದುವೆಯಾಗಿ ಬಂದ ಮೇಲೆ ಐವತ್ತು ವರ್ಷ ಚೆನ್ನೈನದೇ ಹಳೆಯ ಬಡಾವಣೆಯಾದ ಪುರಸೈವಾಕ್ಕಂನಲ್ಲಿ ಸಂಸಾರ ಮಾಡಿದವರು. ಮಾವ ಅಲ್ಲೊಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಾತು ಕಡಿಮೆ. ನಾನು ಮೈಸೂರಿನವನು. ಅವರ 'ಉಂಟು', 'ಎಂತದು'ಗಳನ್ನು ಅಣಕಿಸಿ ಮಗಳನ್ನು ನಗಿಸುತ್ತಿದ್ದೆ. ಅತ್ತೆ ಸುಮ್ಮನೆ ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಪುರಸೈವಾಕ್ಕಂನ ಹಳೆಯ ಡಾಕ್ಟರನ್ನು ಬಿಟ್ಟು ಬೇರೆ ಯಾರಿಗೂ ಕಣ್ಣು ತೋರಿಸಲು ಅವರು ಒಪ್ಪುತ್ತಿರಲಿಲ್ಲ. ಡಾಕ್ಟರು ಹನಿ ಹಾಕಿ ಪರೀಕ್ಷೆ ಮಾಡಿ, ಇನ್ನೊಂದು ಬಗೆಯ ಹನಿ ಬರೆದುಕೊಟ್ಟರು. ಅಲ್ಲಿನ ಅಂಗಡಿಯಲ್ಲಿ ಅದು ಸಿಗಲಿಲ್ಲ. ವಾಪಸು ಬರುವಾಗ ಪೆರುಂಗುಡಿಯಲ್ಲಿ ಮುಖ್ಯರಸ್ತೆಯಿಂದ ಒಳಗೆ ತಿರುಗಿ ಒಂದು ಔಷಧಿ ಅಂಗಡಿಯ ಎದುರು ಕಾರು ನಿಲ್ಲಿಸಿದೆ. ಮಧ್ಯಾಹ್ನ ಒಂದು ಗಂಟೆ ಇರಬಹುದು. ಬೀದಿಯಲ್ಲಿ ಜನವಿರಲಿಲ್ಲ. ಸ್ವಲ್ಪ ದೂರದಲ್ಲಿ ಬೇವಿನ ಮರದ ಕೆಳಗೆ ಎಳನೀರು ಮಾರುವ ಹೆಂಗಸೊಬ್ಬಳು ಕೂತಿದ್ದಳು, ಅಷ್ಟೇ.

ಕಾರು ಹೊಸದು, ಕೊಂಡು ಐದು ತಿಂಗಳೂ ಆಗಿರಲಿಲ್ಲ. ಕೀಲಿ ತೂರಿಸುವ ಗೋಜಿಲ್ಲ, ಗುಂಡಿ ಒತ್ತಿದರೆ ಸಾಕು. ಬಾಗಿಲ ಬೀಗವನ್ನೂ ಏಸಿಯನ್ನೂ ಫೋನಿನಿಂದಲೇ ನೋಡಿಕೊಳ್ಳಬಹುದಿತ್ತು. ಅತ್ತೆ ಹಿಂದಿನ ಸೀಟಿನಲ್ಲಿದ್ದರು. ಮಗಳಿಗಾಗಿ ಹಿಂದಿನ ಎರಡೂ ಬಾಗಿಲುಗಳಿಗೆ ಚೈಲ್ಡ್ ಲಾಕ್ ಹಾಕಿಟ್ಟಿದ್ದೆ, ಅವು ಒಳಗಿನಿಂದ ತೆರೆಯುತ್ತಿರಲಿಲ್ಲ. ಎಂಜಿನ್ನನ್ನೂ ಏಸಿಯನ್ನೂ ಹಾಗೇ ಬಿಟ್ಟು, ಕೀಲಿಯನ್ನು ಮುಂದೆ ಇಟ್ಟು, "ಎರಡೇ ನಿಮಿಷ ಅತ್ತೆ" ಎಂದು ಇಳಿದೆ.

ಹನಿ ಸಿಕ್ಕಿತು. ವಾಪಸು ಬಂದರೆ ಎಂಜಿನ್ನು ನಿಂತಿತ್ತು. ಮುಂದಿನ ಪರದೆ ಕಪ್ಪಾಗಿತ್ತು. ನಾಲ್ಕೂ ಬಾಗಿಲು ಬೀಗ ಬಿದ್ದಿದ್ದವು. ಕೀಲಿ ಒಳಗಿರುವಾಗ ಹೀಗಾಗಬಾರದು. ಆಗಬಾರದು ಎಂದು ನಾನೇ ಎಷ್ಟು ಸಲ ಪರೀಕ್ಷೆಯ ವರದಿಯಲ್ಲಿ ಬರೆದಿದ್ದೇನೋ. ಫೋನು ತೆಗೆದು ಆ್ಯಪ್ ನೋಡಿದೆ. ಬಾಗಿಲುಗಳು ತೆರೆದಿವೆ, ಏಸಿ ಓಡುತ್ತಿದೆ, ಒಳಗಿನ ಉಷ್ಣಾಂಶ ಇಪ್ಪತ್ತನಾಲ್ಕು ಎಂದು ತೋರಿಸಿತು. ಬಾಗಿಲು ಎಳೆದೆ, ಬರಲಿಲ್ಲ. ಆ್ಯಪ್‌ನಲ್ಲಿ ಬೀಗ ತೆಗೆಯುವ ಗುಂಡಿ ಒತ್ತಿದೆ. ಕೆಲಸ ಆಯಿತು ಎಂದು ಹಸಿರು ಗುರುತು ಬಂತು. ಮತ್ತೆ ಎಳೆದೆ. ಹೀಗೆ ಹತ್ತು ಸಲವಾದರೂ ಮಾಡಿರಬೇಕು. ಪ್ರತಿ ಸಲವೂ ಹಸಿರು ಗುರುತು ಬಂತು, ಪ್ರತಿ ಸಲವೂ ಬಾಗಿಲು ಹಾಗೇ ಇತ್ತು.

ಅತ್ತೆ ಮೊದಲು ನನ್ನನ್ನು ನೋಡಿ ಏನೋ ಕೇಳಿದರು, ಗಾಜಿನಿಂದಾಗಿ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅಂಗೈಯನ್ನು ಗಾಜಿಗೆ ಒತ್ತಿದರು.

ಎಳನೀರಿನ ಹೆಂಗಸು ತನ್ನ ಕತ್ತಿ ಹಿಡಿದುಕೊಂಡೇ ಬಂದಳು. ಒಳಗೆ ಬಗ್ಗಿ ನೋಡಿ, "ಒಡೆಚ್ಚಿಡುಂಗ ಸಾರ್" ಎಂದು ಕತ್ತಿಯ ಹಿಡಿಯನ್ನು ನನ್ನ ಕಡೆ ಚಾಚಿದಳು. ಗಾಜು ಒಡೆಯಿರಿ ಎಂದು.

ನಾನು ಕತ್ತಿ ತೆಗೆದುಕೊಳ್ಳಲಿಲ್ಲ. "ಬೇಡಮ್ಮ, ಕಂಪನಿಯವರು ಅಲ್ಲಿಂದಲೇ ತೆಗೀತಾರೆ" ಎಂದು ತಮಿಳಿನಲ್ಲಿ ಹೇಳಿ ಸಹಾಯವಾಣಿಗೆ ಫೋನು ಮಾಡಿದೆ. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಹೊಸ ಕಾರಿನ ಗಾಜು ಎಂಬ ಆಸೆ ಒಂದಿಷ್ಟು ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಗಾಜು ಒಡೆದರೆ ಇಷ್ಟು ವರ್ಷ ನಾನು ಆಡಿದ್ದೆಲ್ಲ ಸುಳ್ಳೆಂದು ಒಪ್ಪಿದ ಹಾಗಾಗುತ್ತಿತ್ತು. ಎಪ್ಪತ್ತನಾಲ್ಕು ವರ್ಷದ ಜೀವವೊಂದು ಬಿಸಿಲಿನಲ್ಲಿ ಬೇಯುತ್ತಿರುವಾಗ ನಾನು ವಾದದಲ್ಲಿ ಗೆಲ್ಲಲು ನೋಡುತ್ತಿದ್ದೆ.

ಫೋನಿನಲ್ಲಿ ಸಿಕ್ಕ ಹುಡುಗಿ ಬಹಳ ನಯವಾಗಿ ಮಾತಾಡಿದಳು. "ಸರ್, ನಮ್ಮ ಸಿಸ್ಟಮ್‌ನಲ್ಲಿ ನಿಮ್ಮ ಕಾರು ತೆರೆದೇ ಇದೆ ಅಂತ ತೋರಿಸ್ತಿದೆ" ಎಂದಳು. ತೆರೆದಿಲ್ಲ ಎಂದೆ. "ಇನ್ನೊಂದು ಸಲ ನೋಡಿ ಸರ್" ಎಂದಳು. ಬಿಸಿಲಿಗೆ ಫೋನಿನ ಪರದೆ ಕಾಣುತ್ತಿಲ್ಲ ಎಂದುಕೊಂಡು, ಎಳನೀರಿನವಳು ವಾಪಸು ಹೋಗಿ ಕೂತಿದ್ದ ಬೇವಿನ ಮರದ ನೆರಳಿಗೆ ಹೋದೆ. ಅದೂ ನೆಪವೇ. ಅತ್ತೆಯ ಅಂಗೈ ಗಾಜಿನ ಮೇಲೆ ಇತ್ತು, ಅವರು ನನ್ನನ್ನೇ ನೋಡುತ್ತಿದ್ದರು. ಅದನ್ನು ನೋಡಲಾರದೆ ಕಾರಿಗೆ ಬೆನ್ನು ಮಾಡಿ ನಿಂತೆ. ಕಾರಿನ ನಂಬರು, ಎಂಜಿನ್ ನಂಬರು, ನನ್ನ ಹುಟ್ಟಿದ ದಿನ, ಆ ಹುಡುಗಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಹೋದೆ. ಹನ್ನೊಂದು ನಿಮಿಷ. ಫೋನು ಅದನ್ನು ಸರಿಯಾಗಿಯೇ ಬರೆದಿಟ್ಟುಕೊಂಡಿತ್ತು.

ಬೆನ್ನ ಹಿಂದೆ ಬಾಗಿಲು ತೆರೆದ ಸದ್ದಾಯಿತು. ತಿರುಗಿ ನೋಡಿದರೆ ಮುಂದಿನ ಎಡಬಾಗಿಲು ಪೂರ್ತಿ ತೆರೆದಿದೆ. ಆ ಸೀಟು ಹಿಂದಕ್ಕೆ ಮಲಗಿದೆ. ಅತ್ತೆ ಅದರ ಮೇಲೆ ಬೋರಲಾಗಿ ಬಿದ್ದು, ಕೈ ಹೊರಗೆ ಚಾಚಿದ್ದಾರೆ. ಓಡಿ ಹೋಗಿ ಎತ್ತಿಕೊಂಡೆ. ಸೀರೆ ಬೆವರಿನಿಂದ ಮೈಗೆ ಅಂಟಿತ್ತು. ಎಳನೀರಿನ ಹೆಂಗಸು ಅವರ ತಲೆಗೆ ನೀರು ತಟ್ಟಿ, ಎಳನೀರು ಕೆತ್ತಿ ಕುಡಿಸಿದಳು. ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡರು. ಆಟೋ ಹಿಡಿದು ಮನೆಗೆ ಬಂದೆವು.

ಸಂಜೆ ಶೈಲಾ ಕಚೇರಿಯಿಂದ ಬಂದು ವಿಷಯ ತಿಳಿದು ಅಳತೊಡಗಿದಾಗ ಅತ್ತೆ ಅವಳ ಕೈ ಹಿಡಿದು ಹೇಳಿದರು. "ಅಳುದು ಎಂತಕ್ಕೆ? ಇವರು ಇದ್ದರಲ್ಲ. ನಾನು ಇನ್ನು ಆಗುದಿಲ್ಲ ಅಂತ ಕಣ್ಣು ಮುಚ್ಚಿದ್ದೆ. ಇವರು ಆಚೆ ಬದಿಯ ಗಾಜು ತಟ್ಟಿದರು. ಮುಂದಿನ ಸೀಟಿನ ಪಕ್ಕದಲ್ಲಿ ಒಂದು ಹಿಡಿ ಉಂಟು ಅತ್ತೆ, ಅದನ್ನು ಎತ್ತಿ, ಸೀಟು ಮಲಗ್ತದೆ ಅಂದರು. ಆಮೇಲೆ ಮುಂದಿನ ಬಾಗಿಲಿನ ಹಿಡಿಯನ್ನು ಎರಡು ಸಲ ಎಳೀರಿ, ಒಂದು ಸಲ ಅಲ್ಲ, ಎರಡು ಸಲ ಅಂದರು. ನನಗೆ ಕೈಯಲ್ಲಿ ಜೀವ ಇರ್ಲಿಲ್ಲ. ಮತ್ತೆ ಮತ್ತೆ ಹೇಳಿದರು, ಬಿಡ್ಲೇ ಇಲ್ಲ."

ನನ್ನ ಕಡೆ ತಿರುಗಿ, "ಅದೂ ನಮ್ಮ ಊರಿನ ಮಾತಿನಲ್ಲಿ ಹೇಳಿದಿರಿ. ನಿಮಗೆ ಬರ್ತದೆ ಅಂತ ಗೊತ್ತಿರ್ಲಿಲ್ಲ" ಎಂದರು.

ಒಳಗಿನ ಹಿಡಿಯನ್ನು ಎರಡು ಸಲ ಎಳೆದರೆ ಮುಂದಿನ ಬಾಗಿಲು ತೆರೆಯುತ್ತದೆ ಎಂಬುದು ನಿಜ. ಬ್ಯಾಟರಿ ಸತ್ತಿದ್ದರೂ ತೆರೆಯುತ್ತದೆ. ಮೊದಲ ಎಳೆತಕ್ಕೆ ಬೀಗ ಬಿಡುತ್ತದೆ, ಎರಡನೆಯದಕ್ಕೆ ಬಾಗಿಲು. ತಂತಿಯ ಹಂಗಿಲ್ಲದ, ಬರೀ ಕಬ್ಬಿಣದ ಏರ್ಪಾಟು ಅದು. ನನಗೆ ಅದು ಚೆನ್ನಾಗಿ ಗೊತ್ತಿತ್ತು, ನನ್ನ ಕೆಲಸದಲ್ಲಿ ಮೊದಲ ವಾರವೇ ಕಲಿಸುವ ಸಂಗತಿ. ಆ ಹನ್ನೊಂದು ನಿಮಿಷದಲ್ಲಿ ಒಮ್ಮೆಯೂ ನೆನಪಿಗೆ ಬರಲಿಲ್ಲ. ಅತ್ತೆಗೆ ಅದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅವರು ಎಂದೂ ಮುಂದಿನ ಸೀಟಿನಲ್ಲಿ ಕೂತವರಲ್ಲ.

ಶೈಲಾ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ನೆನಪಿಲ್ಲ. ನಾನಲ್ಲ, ನಾನು ಮರದ ಕೆಳಗೆ ಬೆನ್ನು ಮಾಡಿ ನಿಂತಿದ್ದೆ ಎಂದು ಆಗಲೇ ಹೇಳಬೇಕಿತ್ತು. "ಸದ್ಯ, ಆ ಹೊತ್ತಿಗೆ ನೆನಪಾಯ್ತು" ಎಂದೆ.

ಮೂರು ದಿನ ಕಳೆದು ಕಾರಿನ ಕ್ಯಾಮೆರಾ ನೆನಪಾಯಿತು. ಮುಂದಿನ ಗಾಜಿಗೆ ಅಂಟಿಸಿದ್ದ ಪುಟ್ಟ ಕ್ಯಾಮೆರಾ, ನಾನೇ ಬೇರೆ ತಂದು ಹಾಕಿದ್ದು. ಅದಕ್ಕೆ ಅದರದೇ ಬ್ಯಾಟರಿ ಇತ್ತು. ಎದುರಿನ ರಸ್ತೆಯನ್ನು ಚಿತ್ರೀಕರಿಸುತ್ತಾ ಕಾರಿನೊಳಗಿನ ಸದ್ದನ್ನೂ ದಾಖಲಿಸುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಕಂಪ್ಯೂಟರಿಗೆ ಹಾಕಿ ನೋಡಿದೆ.

ಬೇವಿನ ಮರ ಕಾಣಿಸಿತು. ಅದರ ಕೆಳಗೆ ನಾನು, ಬೆನ್ನು ತಿರುಗಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡಿದ್ದೆ. ಅತ್ತೆಯ ಉಸಿರಾಟದ ಸದ್ದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಧಾನವಾಯಿತು. ಆಮೇಲೆ ಗಾಜು ತಟ್ಟಿದ ಸದ್ದು, ಮೂರು ಸಲ. ಆಮೇಲೆ ಅತ್ತೆಯ ದನಿ, "ಹ್ಞಾಂ?" ಎಂದು. ಸ್ವಲ್ಪ ಬಿಟ್ಟು, "ಎಲ್ಲುಂಟು? ಇದಾ?" ಸೀಟು ಮಲಗಿದ ಸದ್ದು. "ಎರಡು ಸಲವಾ?" ಅವರ ಮಾತುಗಳ ನಡುವೆ ಬೇರೆ ಯಾರ ದನಿಯೂ ಇರಲಿಲ್ಲ, ಯಾರೋ ಮಾತಾಡಲು ಬೇಕಾಗುವಷ್ಟು ಬಿಡುವು ಮಾತ್ರ ಇತ್ತು. ಅಷ್ಟು ಹೊತ್ತೂ ಚಿತ್ರದಲ್ಲಿ ನಾನು ಮರದ ಕೆಳಗೆ ನಿಂತೇ ಇದ್ದೆ. ಒಂದು ಸಲವೂ ತಿರುಗಿರಲಿಲ್ಲ.

ಅದನ್ನು ನಾನು ಒಂದೇ ಸಲ ನೋಡಿದ್ದು. ಅಳಿಸಿಬಿಟ್ಟೆ. ಹೆದರಿ ಅಳಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಆ ಬೆನ್ನನ್ನು ಶೈಲಾ ನೋಡಬಾರದು ಎಂದು ಅಳಿಸಿದೆ. ಈಗ ನನ್ನ ಮಾತಿಗೆ ಪುರಾವೆ ಏನೂ ಇಲ್ಲ.

ಮರುದಿನ ಎಳನೀರಿನ ಹೆಂಗಸನ್ನು ಹುಡುಕಿಕೊಂಡು ಹೋದೆ. ಅವಳಿಗೆ ನನ್ನ ಗುರುತು ಸಿಕ್ಕಿತು. "ಪಾಟಿ ಹೇಗಿದ್ದಾರೆ?" ಎಂದು ಕೇಳಿದಳು. ಅಜ್ಜಿ ಚೆನ್ನಾಗಿದ್ದಾರೆ ಎಂದು ಹೇಳಿ, ಅವತ್ತು ಕಾರಿನ ಹತ್ತಿರ ಯಾರಾದರೂ ಬಂದಿದ್ದರೇ ಎಂದು ವಿಚಾರಿಸಿದೆ. ಯಾರೂ ಬರಲಿಲ್ಲ ಎಂದಳು. "ನೀವೇ ಹೋಗಿ ಆ ಕಡೆ ಬಗ್ಗಿಕೊಂಡು ಗಾಜು ತಟ್ಟಿದಿರಲ್ಲ. ಕತ್ತಿ ಬೇಡ ಅಂದಾಗ ನನಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಕೊನೆಗೂ ಹೋದರಲ್ಲ ಅಂತ ಸಮಾಧಾನ ಆಯ್ತು" ಎಂದಳು. ನಾನು ಆಗ ನಿಮ್ಮ ಪಕ್ಕದಲ್ಲೇ ಫೋನಿನಲ್ಲಿ ಮಾತಾಡುತ್ತಿರಲಿಲ್ಲವೇ ಎಂದು ಕೇಳಲು ಬಾಯಿ ತೆರೆದೆ. ಒಂದು ಎಳನೀರು ಕೊಡಿ ಎಂದಷ್ಟೇ ಹೇಳಿದೆ.

ಇದಕ್ಕೊಂದು ವಿವರಣೆ ಹುಡುಕದೆ ಇರಲಿಲ್ಲ. ಅತ್ತೆಯ ಕಣ್ಣಿಗೆ ಹನಿ ಹಾಕಿದ್ದರಿಂದ ಎಲ್ಲವೂ ಮಸುಕಾಗಿತ್ತು. ದಾರಿಹೋಕನೊಬ್ಬ ನಿಂತು ಹೇಳಿಕೊಟ್ಟು ಹೋಗಿರಬಹುದು. ಆದರೆ ಪೆರುಂಗುಡಿಯ ಆ ಬೀದಿಯಲ್ಲಿ ಉಡುಪಿಯ ಕನ್ನಡ ಆಡುವ, ಅವರನ್ನು ಅತ್ತೆ ಎಂದು ಕರೆಯುವ ದಾರಿಹೋಕ ಯಾರು? ಸೆಕೆಗೆ ಅವರಿಗೆ ಭ್ರಮೆಯಾಗಿತ್ತು ಎಂದರೆ, ಆ ಭ್ರಮೆಗೆ ಬಾಗಿಲಿನ ಗುಟ್ಟು ಹೇಗೆ ತಿಳಿಯಿತು? ಎಳನೀರಿನವಳು ಕಂಡದ್ದೇನು? ಕಾರಿನ ಕಂಪನಿಯವರು ಬ್ಯಾಟರಿ ಬದಲಿಸಿ, ಸಾಫ್ಟ್‌ವೇರ್ ದೋಷ ಎಂದು ಒಂದು ಸಾಲಿನ ಪತ್ರ ಕೊಟ್ಟರು. ಅದು ಬೀಗದ ಮಟ್ಟಿಗೆ ಸರಿ. ನಾನು ವಿಭಾಗ ಬದಲಿಸಿಕೊಂಡೆ. ಮದುವೆ ಮನೆಗಳಲ್ಲಿ ಕಾರಿನ ಮಾತು ಬಂದರೆ ಎಲೆ ನೋಡಿಕೊಂಡು ಊಟ ಮಾಡುತ್ತೇನೆ.

ಅತ್ತೆ ಈಗಲೂ ನಮ್ಮ ಜೊತೆ ಇದ್ದಾರೆ. ಬೇರೆ ಯಾರ ಕಾರನ್ನೂ ಹತ್ತುವುದಿಲ್ಲ, ಶೈಲಾ ಓಡಿಸಿದರೂ ಒಲ್ಲರು. ನಾನಿದ್ದರೆ ಮಾತ್ರ ಬರುತ್ತಾರೆ. ನಂಟರು ಬಂದಾಗಲೆಲ್ಲ ಶೈಲಾ ಈ ಕತೆ ಹೇಳುತ್ತಾಳೆ, ನಾನು ನೀರು ತರುವ ನೆಪದಲ್ಲಿ ಏಳುತ್ತೇನೆ.

ಹೋದ ತಿಂಗಳು ಅವರನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ನಾವಿಬ್ಬರೇ. ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಅತ್ತೆ ಹಿಂದಿನಿಂದ, "ಒಂದು ಕೇಳ್ಲಾ?" ಎಂದರು.

"ಕೇಳಿ ಅತ್ತೆ."

"ಆ ದಿವಸ ಗಾಜಿನ ಆಚೆ ನಿಂತು ನೀವು ಅಳ್ತಾ ಇದ್ದಿರಿ. ಹೇಳುದು, ಅಳುದು. ಯಾಕೆ ಅಷ್ಟು ಅತ್ತದ್ದು ಅಂತ ಕೇಳ್ಬೇಕು ಅಂತ ಇಷ್ಟು ದಿವಸ ಇತ್ತು. ಕೇಳಿದರೆ ನಿಮಗೆ ನಾಚಿಕೆ ಆದೀತು ಅಂತ ಸುಮ್ಮನಿದ್ದೆ."

ಈಗಲಾದರೂ ಹೇಳಬಹುದಿತ್ತು. ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಬೆವರಿರಬೇಕು ಅತ್ತೆ" ಎಂದೆ.

ಸಿಗ್ನಲ್ ಬಿಟ್ಟಿತು, ಹಿಂದಿನವರು ಹಾರ್ನ್ ಹೊಡೆದರು, ನಾನು ಕಾರು ಮುಂದೆ ಬಿಟ್ಟೆ. ಅಲ್ಲಿ ನಿಂತು ಅತ್ತವನು ಯಾರೋ, ಅವನು ಯಾರಿಗಾಗಿ ಅಷ್ಟು ಅತ್ತನೋ, ನನಗೆ ಇವತ್ತಿಗೂ ತಿಳಿದಿಲ್ಲ.