ಬಿಳಿ ಹಾಳೆಯ ಮೇಲೆ ಮೂವತ್ತೆಂಟು ಹೆಬ್ಬೆಟ್ಟು

1937ರಲ್ಲಿ ನಾನು ಹಾಸನ ಸೀಮೆಯ ಒಂದು ಪುರಸಭೆಯಲ್ಲಿ ಅರ್ಜಿ ಗುಮಾಸ್ತನಾಗಿದ್ದೆ. ಊರಿನ ಹೆಸರು ಬೇಡ. ಇದರಲ್ಲಿ ಬರುವವರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ನನ್ನ ಹುಟ್ಟೂರು ಬಾಗೂರು. ಅಪ್ಪ ತೀರಿಕೊಂಡ ಮೇಲೆ ಕರೆದು ಈ ಕೆಲಸ ಕೊಡಿಸಿದವರು ಪುರಸಭೆಯ ಮೆಂಬರು, ಬೆಲ್ಲದ ವ್ಯಾಪಾರಿ ಬಸವಣ್ಯಪ್ಪನವರು. ಅವರ ಮನೆಯಲ್ಲೇ ಎರಡು ವರ್ಷ ಉಂಡಿದ್ದೆ. ಅವರು ಹಗಲನ್ನು ಇರುಳು ಅಂದರೂ ಹೌದು ಅನ್ನುವಷ್ಟು ನಂಬಿಕೆ ನನಗೆ.

ಊರವರು ಕೊಟ್ಟ ಅರ್ಜಿಗೆ ನಂಬರು ಹಾಕಿ, ರಿಜಿಸ್ಟರಿಗೆ ಏರಿಸಿ, ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದುವುದು ನನ್ನ ಕೆಲಸ. ಗಂಟಲು ಚೆನ್ನಾಗಿತ್ತು. ಅದರ ಬಗ್ಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ!

ಊರಿನ ಕೊನೆಗೆ ಕೂಲಿ ಮಾಡುವವರ ಒಂದು ಕೇರಿ. ಕೇರಿಗೆಲ್ಲ ಒಂದೇ ಬಾವಿ. ಆ ಬಾವಿಯಿಂದ ಮೂವತ್ತು ಮಾರು ದೂರದಲ್ಲಿ ಪುರಸಭೆಯ ಕಸದ ಗುಂಡಿ. ಇಡೀ ಊರಿನ ಹೊಲಸನ್ನು ಗಾಡಿಗಳು ಅಲ್ಲಿಗೇ ತಂದು ಸುರಿಯುತ್ತಿದ್ದವು. ಮಳೆ ಬಂದರೆ ಅದರ ನೀರೆಲ್ಲ ಬಾವಿಗೆ. ಆ ವರ್ಷ ಹಿಂಗಾರು ಮಳೆ ಹಿಡಿದಾಗ ವಾಂತಿಭೇದಿಗೆ ಕೇರಿಯಲ್ಲಿ ಮೂರು ಮಕ್ಕಳು ಹೋದವು. ಅದರಲ್ಲೊಂದು ನಿಂಗಮ್ಮ ಎಂಬ ಮುದುಕಿಯ ಮೊಮ್ಮಗಳು. ಮಗುವನ್ನು ಮಣ್ಣು ಮಾಡಿದ ಮಾರನೇ ವಾರ ನಿಂಗಮ್ಮ ಹತ್ತು ಜನರನ್ನು ಕಟ್ಟಿಕೊಂಡು ಕಚೇರಿಯ ಮೆಟ್ಟಿಲ ಹತ್ತಿರ ಬಂದು ನಿಂತಳು.

"ಗುಂಡಿ ಬ್ಯಾರೆ ಕಡೆಗೆ ಆಕ್ಸಿ ಬುದ್ಧಿ. ಇನ್ನೇನೂ ಬ್ಯಾಡ ನಮ್ಗೆ," ಅಂದಳು.

ನಾನು ಬಸವಣ್ಯಪ್ಪನವರಿಗೆ ಹೇಳಿದೆ. ಅವರು ಕಣ್ಣಲ್ಲಿ ನೀರು ತಂದುಕೊಂಡರು ಕಣ್ರೀ, ನಿಜವಾಗಿ ನೀರು! "ಪಾಪ, ಮಕ್ಕಳು. ಅರ್ಜಿ ಗಟ್ಟಿಯಾಗಿರಬೇಕು ಕಣಯ್ಯ. ಹಾಸನದ ವಕೀಲರ ಹತ್ತಿರ ನಾನೇ ಬರೆಸುತ್ತೇನೆ. ನಾಡಿದ್ದಿಂದ ಕುಯ್ಲು, ಜನ ಚೆದುರಿಹೋಗ್ತಾರೆ. ನೀನು ಹೋಗಿ ಮೊದಲು ಹೆಬ್ಬೆಟ್ಟು ಹಾಕಿಸಿಕೊಂಡು ಬಾ," ಎಂದರು.

ಹಾಗೆ ಮೊದಲು ಹೆಬ್ಬೆಟ್ಟು ತೆಗೆದುಕೊಂಡು ಅರ್ಜಿಯ ಒಕ್ಕಣೆಯನ್ನು ಆಮೇಲೆ ಮೇಲುಗಡೆ ಬರೆಸುವುದು ನಮ್ಮಲ್ಲಿ ರೂಢಿಯೇ ಆಗಿತ್ತು. ಭಾನುವಾರ ಬೆಳಿಗ್ಗೆ ಮಸಿ ಹಿಡಿದುಕೊಂಡು ಕೇರಿಗೆ ಹೋದೆ. ದೊಡ್ಡ ಹಾಳೆಯ ಮೇಲರ್ಧ ಬಿಟ್ಟು ಕೆಳಗೆ ಸಾಲಾಗಿ ಹಾಕಿಸಿದೆ. ನಿಂಗಮ್ಮನ ಹೆಬ್ಬೆರಳಿಗೆ ಎಂದೋ ಕುಡುಗೋಲು ತಾಕಿ ಅಡ್ಡಲಾಗಿ ಗಾಯದ ಗೆರೆ. ಅವಳು ಮಸಿ ಹಚ್ಚಿಕೊಂಡ ಬೆರಳನ್ನು ಹಾಗೇ ಹಿಡಿದು ಹಾಳೆಯನ್ನು ನೋಡಿದಳು.

"ಮ್ಯಾಲೆ ಏನೂ ಬರ್ದಿಲ್ವಲ್ಲ ಬುದ್ಧಿ?"

"ನಾನಿದೀನಲ್ಲಮ್ಮ," ಅಂದೆ.

ಒತ್ತಿದಳು. ಒಟ್ಟು ಮೂವತ್ತೆಂಟು ಹೆಬ್ಬೆಟ್ಟು. ಹಾಳೆಯನ್ನು ಅಂದೇ ಬಸವಣ್ಯಪ್ಪನವರ ಕೈಗೆ ಕೊಟ್ಟೆ.

ಮೀಟಿಂಗಿನ ದಿನ ಕೇರಿಯವರು ಕೂಲಿ ಬಿಟ್ಟು ಬಂದು ಹೊರಗೆ ಜಗಲಿಯ ಕೆಳಗೆ ನಿಂತಿದ್ದರು. ಬಸವಣ್ಯಪ್ಪನವರು ಅರ್ಜಿಯನ್ನು ಆಗಷ್ಟೇ ತಂದು ನೇರ ಪ್ರೆಸಿಡೆಂಟರ ಕೈಗೆ ಕೊಟ್ಟರು. ಪ್ರೆಸಿಡೆಂಟರು ಓದಿ ಎಂದು ನನ್ನ ಕಡೆ ಚಾಚಿದರು. ಹೊರಗಿನವರಿಗೂ ಕೇಳಲಿ ಅಂತ ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಎರಡು ಸಾಲು ದಾಟಿದ ಮೇಲೆ ಹೀಗಿತ್ತು: "ಕಸದ ಗುಂಡಿಯಿಂದ ನಮಗೆ ಯಾವ ತೊಂದರೆಯೂ ಇರುವುದಿಲ್ಲ. ಗೊಬ್ಬರದ ಅನುಕೂಲವಿರುವುದರಿಂದ ಅದನ್ನು ಈಗಿರುವ ಜಾಗದಲ್ಲೇ ಉಳಿಸಬೇಕಾಗಿ ಪ್ರಾರ್ಥನೆ." ಕೆಳಗೆ ಅಡ್ಡ ಗೆರೆಯ ಆ ಹೆಬ್ಬೆಟ್ಟು.

ಓದುವುದನ್ನು ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. ಕೊನೆಯವರೆಗೂ ಓದಿದೆ.

"ಅಯ್ಯೋ, ನಾವು ಅಂಗಂದಿಲ್ಲ!" ಎಂದು ಹೊರಗಿನಿಂದ ಕೂಗು. ಜವಾನ ಗದರಿಸಿದ. ಪ್ರೆಸಿಡೆಂಟರು ನನ್ನನ್ನು ಕೇಳಿದರು: "ಹೆಬ್ಬೆಟ್ಟು ಅವರದೇ ತಾನೆ? ನಿಮ್ಮ ಕಣ್ಣೆದುರು ಹಾಕಿದ್ದೇ?"

ಬಸವಣ್ಯಪ್ಪನವರು ನನ್ನನ್ನೇ ನೋಡುತ್ತಿದ್ದರು. ಅವರ ಮನೆಯಲ್ಲಿ ಉಂಡ ಅನ್ನ ನೆನಪಾಯಿತು.

"ಹೌದು ಸ್ವಾಮಿ," ಅಂದೆ.

ಅದು ನಿಜವೇ. ಆಗ ಹಾಳೆ ಖಾಲಿ ಇತ್ತು ಅನ್ನುವ ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಬಾಯಿ ಬರಲಿಲ್ಲ. ಗುಂಡಿ ಅಲ್ಲೇ ಇರಲಿ ಎಂದು ತೀರ್ಮಾನವಾಯಿತು.

ಸಂಜೆ ಪುರಸಭೆಯ ಓವರ್ಸಿಯರು ಹೇಳಿದರು: ಹಾಸನದ ಹೆಲ್ತ್ ಆಫೀಸರು ಗುಂಡಿಗೆ ಬೇರೆ ಜಾಗ ಗುರುತು ಮಾಡಿಯೇ ಹೋಗಿದ್ದರಂತೆ. ಅದು ಬಸವಣ್ಯಪ್ಪನವರ ಆಲೆಮನೆಯ ಪಕ್ಕದ ಬೀಳು ಜಮೀನು. ಮೈಯೆಲ್ಲ ಉರಿದುಹೋಯಿತು. ನೇರ ಅವರ ಬೆಲ್ಲದ ಮಂಡಿಗೆ ಹೋಗಿ, "ನಂಬಿಸಿ ಕತ್ತು ಕುಯ್ದಿರಲ್ಲ!" ಎಂದೆ. ಅವರು ಎಲೆಗೆ ಸುಣ್ಣ ಸವರುತ್ತಾ, "ಹೆಬ್ಬೆಟ್ಟು ಹಾಕಿಸಿದ್ದು ನೀನು, ಓದಿದ್ದು ನೀನು, ಹೌದು ಅಂದದ್ದೂ ನೀನು. ನನ್ನ ಕೈ ಎಲ್ಲಿದೆ ತೋರಿಸಯ್ಯ," ಎಂದರು.

ಹದಿನೈದು ದಿನ ನಿದ್ದೆಗೆಟ್ಟು ನಾನೇ ಒಂದು ಹೊಸ ಅರ್ಜಿ ಬರೆದೆ. ಕೆಲಸ ಹೋದರೆ ಹೋಗಲಿ ಅಂತ, ಖಾಲಿ ಹಾಳೆಯ ಸಂಗತಿಯನ್ನೂ ಸೇರಿಸಿದೆ. ಕೇರಿಗೆ ಹೋಗಿ ಪೂರ್ತಿ ಓದಿ ಹೇಳಿದೆ. ಎಲ್ಲರೂ ಕೇಳಿದರು. ಒಬ್ಬರೂ ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು. ಮಸಿಯ ಡಬ್ಬಿ ತೆಗೆದೆ. ಯಾರೂ ಮುಂದೆ ಬರಲಿಲ್ಲ. ನಿಂಗಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಸೆರಗಿನಲ್ಲಿ ಮುಚ್ಚಿಕೊಂಡಳು.

"ಚೆಂದಾಗೇ ಬರ್ದಿದ್ದೀರಿ ಬುದ್ಧಿ. ಆವತ್ತೂ ನೀವಿದ್ರಿ," ಅಂದಳು.

ಆಮೇಲೆ ಅರಕಲಗೂಡು, ಚನ್ನರಾಯಪಟ್ಟಣ ಎಂದು ಇಪ್ಪತ್ತೆಂಟು ವರ್ಷ ಗುಮಾಸ್ತಿಕೆ ಮಾಡಿದೆ. ಎರಡು ಸಲ ಓದಿ ಹೇಳದೆ ಒಬ್ಬರ ಹೆಬ್ಬೆಟ್ಟನ್ನೂ ತೆಗೆದುಕೊಳ್ಳಲಿಲ್ಲ. "ಇವನೊಬ್ಬ, ಪುರಾಣ ಓದ್ತಾನೆ," ಎಂದು ಜೊತೆಯವರು ನಗುತ್ತಿದ್ದರು. ನಗಲಿ.

ಬಸವಣ್ಯಪ್ಪನವರು ನನಗೆ ಮೋಸ ಮಾಡಿದರು ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಹೇಳಿ ಹೇಳಿ ಒಂದು ದಿನ ಹೊಳೆಯಿತು. ಅವರು ಆ ಕೇರಿಗೆ ಕಾಲಿಟ್ಟವರೇ ಅಲ್ಲ. ಆ ಮೂವತ್ತೆಂಟು ಜನ ಮೋಸ ಹೋದದ್ದು ನನ್ನ ಮುಖ ನೋಡಿ.