ಕೂದಲು ಮಾತ್ರ, ಕೈ ನೋಡಬೇಡ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಏಜಿಯನ್ ಕಡಲಿನ ಈ ದ್ವೀಪದ ಗುಡ್ಡದ ಹಳ್ಳಿಯಲ್ಲಿ ಆರ್ಗೀರೋಳ ಕ್ಷೌರದಂಗಡಿಯ ದೀಪ ಆಗಲೇ ಹತ್ತಿದೆ. ಅಮೃತಶಿಲೆಯ ಗಣಿಗೆ ಹೋಗುವವರು ಕೆಲಸಕ್ಕೆ ಮುಂಚೆ ಬರುತ್ತಾರೆ, ಅದಕ್ಕೇ ಈ ಹೊತ್ತು. ಈಗ ಕುರ್ಚಿಯಲ್ಲಿರುವುದು ಗಣಿ ಬಿಟ್ಟು ಮನೆಯಲ್ಲಿ ಕೂತಿರುವ ಮುದುಕ ನಿಕಿತಾಸ್. ತಲೆಯಲ್ಲಿ ಕೂದಲು ಅಷ್ಟಕ್ಕಷ್ಟೆ, ಬಾಯಿ ಮಾತ್ರ ಭರ್ಜರಿ.

“ಕತ್ತರಿ ಆಡ್ಸು ಗೂಬೆ. ಕೈ ಗೀ ನೋಡೋಕೆ ಬಂದೀಯ, ಜೋಕೆ.”

“ನಿನ್ ಕೈ ನೋಡಿ ಏನಾಗ್ಬೇಕು ಮುದುಕಪ್ಪ? ಸಾವೇ ನಿನ್ನ ಮರ್ತು ಕೂತಿದೆ.”

ಗೂಬೆ ಎಂಬುದು ಹಳ್ಳಿ ಅವಳಿಗೆ ಇಟ್ಟ ಹೆಸರು. ಗೂಬೆ ಕೂಗಿದ ಮನೆಯಲ್ಲಿ ಸಾವು ಖಂಡಿತ ಎನ್ನುತ್ತಾರೆ. ನಿಕಿತಾಸ್ ಅದನ್ನು ತಮಾಷೆಗೆ ಅನ್ನುತ್ತಾನೆ, ಮಿಕ್ಕವರು ತಮಾಷೆಗೆ ಅನ್ನುವುದಿಲ್ಲ. ಕೈಗೆ ಸಿಕ್ಕ ಕೂದಲು ಕುರಿಯ ಉಣ್ಣೆಯಂತೆ ಒರಟಾಗಿ ಸುರುಳಿಗಟ್ಟಿದ್ದರೆ ಆರ್ಗೀರೋ ಅಂಗೈ ನೋಡುತ್ತಾಳೆ. ಅಂಗೈಯೂ ದಪ್ಪಗಟ್ಟಿದ್ದರೆ, ಬಂದರಿನ ಆಸ್ಪತ್ರೆಗೆ ಹೋಗಿ ಎದೆ ತೋರಿಸಿ ಎನ್ನುತ್ತಾಳೆ. ದ್ವೀಪದ ಕೆಲವು ಮನೆತನಗಳಲ್ಲಿ ಉಣ್ಣೆಗೂದಲು, ಗಡುಸು ಅಂಗೈ, ಹಾದಿ ತಪ್ಪುವ ಗುಂಡಿಗೆ ಮೂರೂ ಒಟ್ಟಿಗೆ ಇಳಿದು ಬರುತ್ತವೆ. ಇದೇನೂ ಅವಳು ಕಂಡುಹಿಡಿದದ್ದಲ್ಲ. ಡಾಕ್ಟರು ಹೇಳಿದ್ದು ಊರಿನ ಎಲ್ಲರ ಕಿವಿಗೂ ಬಿದ್ದಿದೆ. ಬಾಯಿಬಿಟ್ಟು ಹೇಳಿದವಳು ಇವಳೊಬ್ಬಳೇ, ಹಾಗಾಗಿ ಎಷ್ಟೋ ಮನೆಯವರು ಈ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾರೆ.

ಅವಳ ಅಣ್ಣ ಪೊಥಿತೊಸ್ ಹೋದದ್ದು ಹೀಗೆಯೇ. ಗಣಿಯಲ್ಲಿ ಅವನಷ್ಟು ಗಟ್ಟಿಗ ಇರಲಿಲ್ಲ. ದುಡಿಯುವವನ ಕೈ ಅಂದರೆ ಹೀಗಿರಬೇಕು ಎಂದು ಅವನ ಅಂಗೈ ತೋರಿಸಿ ಹುಡುಗರಿಗೆ ಬುದ್ಧಿ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಉಳಿ ಹಿಡಿದವನು ಹಿಡಿದಂತೆಯೇ ಕುಸಿದ. ರೋಗವನ್ನು ಊರಿಗೆ ಊರೇ ಹೊಗಳಿಕೊಂಡು ಬಂದಿತ್ತು.

“ಗುಂಡಿಗೆ ಮೇಲ್ಗಡೆ ಒಂದು ಜಾಗ ಇದ್ಯಂತೆ, ಕಿಡಿ ಹುಟ್ಟೋದು ಅಲ್ಲೇ,” ಎಂದು ನಿಕಿತಾಸನಿಗೆ ಹೇಳುತ್ತಾಳೆ ಆರ್ಗೀರೋ. “ಯಾರೂ ಹೇಳ್ಕೊಡ್ಬೇಕಾಗಿಲ್ಲ, ತಾನೇ ಹುಟ್ಟುತ್ತೆ. ಮೇಲಿನ ಕೋಣೆ ರಕ್ತ ಸುರಿಯೋವರೆಗೂ ಆ ಕಿಡಿ ನಡುವೆ ಒಂಚೂರು ತಡೆದು ನಿಂತು, ಆಮೇಲೆ ಕೆಳಗಿಳಿಯುತ್ತೆ. ಆಗ ಕೆಳಗಿನ ಕೋಣೆ ಹಿಂಡುತ್ತೆ. ನಮ್ಮಣ್ಣನಿಗೆ ಆ ದಾರೀಲೆಲ್ಲ ಕೊಬ್ಬು ಕಟ್ಟಿತ್ತು. ಕಿಡಿ ಮುಂದಕ್ಕೆ ಹೋಗ್ದೆ ಅಲ್ಲಲ್ಲೇ ಗಿರಕಿ ಹೊಡೀತು. ಗುಂಡಿಗೆ ಬಡೀಲಿಲ್ಲ, ಬರೀ ಅದುರಿತು.”

ಬಾಗಿಲು ಕಿರುಗುಟ್ಟುತ್ತದೆ. ಪೊಥಿತೊಸನ ಮಗಳು ಸೆವಸ್ತಿ ನಿಂತಿದ್ದಾಳೆ. ಕಂಕುಳಲ್ಲಿ ಎರಡು ವರ್ಷದ ಮಗ, ಅಜ್ಜನ ಹೆಸರೇ ಅವನಿಗೂ. ಮಗು ಹುಟ್ಟಿದ ಮೇಲೆ ಸೋದರತ್ತೆಯ ಅಂಗಡಿಗೆ ಅವಳನ್ನು ಗಂಡನ ಮನೆಯವರು ಕಳಿಸಿರಲಿಲ್ಲ. ಈಗ ಅವರೆಲ್ಲ ಆಡು ಕರೆಯಲು ಹೋಗಿದ್ದಾರೆ.

“ಅತ್ತೆ, ಕೂದಲು ಮಾತ್ರ. ಕೈ ನೋಡ್ಬೇಡ.”

“ಆಯ್ತು ಕಣೇ.”

ನಿಕಿತಾಸ್ ಎದ್ದು ಜಾಗ ಬಿಡುತ್ತಾನೆ. ಆರ್ಗೀರೋ ಕೊಟ್ಟ ಮಾತಿನಂತೆ ಕತ್ತರಿಯ ಮೇಲೆಯೇ ಕಣ್ಣಿಟ್ಟಿದ್ದಾಳೆ. ಮಗುವಿಗೆ ಕಿವಿಯ ಹತ್ತಿರ ಕಚಗುಳಿಯಾಗುತ್ತದೆ. ಕಿಲಕಿಲ ನಗುತ್ತಾ ಎರಡೂ ಕೈಯಿಂದ ಅವಳ ಕೆನ್ನೆ ಹಿಡಿದುಕೊಳ್ಳುತ್ತದೆ. ಕತ್ತರಿ ನಿಂತುಬಿಡುತ್ತದೆ. ಆ ಒರಟು ಅಂಗೈ ಅವಳಿಗೆ ಗುರುತಿನದು.

“ಅಜ್ಜನ ಹಾಗೇ ಕಲ್ಲುಕುಟಿಗ ಆಗ್ತಾನೆ ಅಂತಾರೆ ಮನೇಲಿ,” ಎನ್ನುತ್ತಾಳೆ ಸೆವಸ್ತಿ. ಮತ್ತೆ ತಾನೇ ಮುಂದುವರಿಸುತ್ತಾಳೆ: “ಈ ಕೂಸು ಯಾವ ಕಲ್ಲು ಕುಟ್ಟಿದೆ ಅತ್ತೆ? ನಂಗೇನು ಕಣ್ಣಿಲ್ವಾ?”

“ಮತ್ತೆ ನೋಡ್ಬೇಡ ಅಂದೆ?”

“ನೀನು ನೋಡಿದ್ರೆ ನಿಜ ಆಗ್ಬಿಡುತ್ತೆ ಅಂತ.”

ಆರ್ಗೀರೋಗೆ ಅಳು ಬರುತ್ತದೆ. ತಡೆದುಕೊಳ್ಳಲು ಹೋಗುವುದಿಲ್ಲ.

“ವಾಸಿ ಆಗುತ್ತಾ?”

“ಇಲ್ಲ ಮಗಳೇ. ಸುಳ್ಳು ಹೇಳಲ್ಲ. ಆದ್ರೆ ಕಾಯಬಹುದು. ವರ್ಷ ವರ್ಷ ಇಸಿಜಿ ತೆಗೀತಾರೆ. ದಾರಿ ಕೆಡ್ತಿದೆ ಅಂದ್ರೆ ಎದೆ ಚರ್ಮದಡಿ ಒಂದು ಪುಟ್ಟ ಪೆಟ್ಟಿಗೆ ಇಡ್ತಾರೆ. ಗುಂಡಿಗೆ ಅದುರಿದ್ರೆ ಅದೊಂದು ಏಟು ಕೊಟ್ಟು ದಾರಿಗೆ ತರುತ್ತೆ. ಅಣ್ಣನಿಗೆ ಅದೂ ಇರ್ಲಿಲ್ಲ.”

ಸೆವಸ್ತಿ ಮಗನ ಕೈಯನ್ನು ತನ್ನ ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಾಳೆ. “ಮೊದಲ ಬಸ್ಸಿಗೆ ಹೋಗೋಣ. ನೀನೂ ಬಾ. ಒಬ್ಬಳೇ ಕೇಳಿಸ್ಕೊಳ್ಳೋ ಧೈರ್ಯ ಇಲ್ಲ ನಂಗೆ.”

“ನನ್ನ ಅರ್ಧ ತಲೆ?” ನಿಕಿತಾಸ್ ಕೇಳುತ್ತಾನೆ. ದನಿಯಲ್ಲಿ ಎಂದಿನ ಕುಚೋದ್ಯವಿಲ್ಲ.

“ಸಂಜೆ ಬಾ. ಅಷ್ಟರಲ್ಲಿ ಬೆಳೆದಿದ್ರೆ ನೋಡೋಣ.”

ಬಸ್ಸು ಬರುವ ಮುಂಚೆ ಅವಳು ನೆಲ ಗುಡಿಸುತ್ತಾಳೆ. ಮುದುಕನ ಬಿಳಿ ಎಳೆಗಳ ನಡುವೆ ಮಗುವಿನ ಕಪ್ಪು ಸುರುಳಿಗಳು. ನಿನಗೆ ಏನಾದರೂ ಆಸೆ ಇದೆಯೇ ಎಂದು ನಿಕಿತಾಸ್ ಕೇಳಿದರೆ ಪೊರಕೆ ಹಿಡಿದು ನಿಲ್ಲುತ್ತಾಳೆ.

“ಕೂದಲು ಕತ್ತರಿಸೋಳಿಗೆ ಇನ್ನೇನಾಸೆ? ಎಲ್ಲರ ತಲೆ ನರೆಯೋದನ್ನೂ ಕಂಡಿದೀನಿ. ಈ ಉಣ್ಣೆಗೂದಲು ನರೆತಿದ್ದನ್ನ ಮಾತ್ರ ಒಂದು ಸಲವೂ ಕತ್ತರಿಸಿಲ್ಲ. ಅಲ್ಲೀವರೆಗೆ ಯಾರೂ ಉಳೀಲಿಲ್ಲ. ಇವನದ್ದು ನರೀಬೇಕು. ಅಷ್ಟೊತ್ತಿಗೆ ನಾನಿರಲ್ಲ ಬಿಡು, ಇನ್ಯಾರೋ ಕತ್ತರಿಸ್ಲಿ.”